ಒಂದು ಮೊಳ ಟೇಪು

"ಟೇಪಲ್ಲಿರೋ ಆಟ ನೀನೇ ಇಟ್ಕೋ ಮೇಸ್ತ್ರಿ. ಅದರ ಮುಂದೆ ಇರೋ ನನ್ನ ಮಗಳ ಮಾತಿಗೆ ಮಾತ್ರ ಕತ್ತರಿ ಹಾಕ್ಬೇಡ," ಎಂದಳು ದೇಸಾಂಕಾ ಅಜ್ಜಿ.

ವುಕಾಶಿನ್ ನಕ್ಕ. "ಹಾಕಿದ್ರೆ ಏನಾಗುತ್ತಜ್ಜಿ? ಕತ್ತೆ ಆಗ್ಬಿಡ್ತೀನಾ?"

"ಕತ್ತೆಗೂ ಅದರದ್ದೇ ಒಂದು ಸ್ವರ ಇರುತ್ತೆ."

ಅಷ್ಟು ಹೇಳಿ ಮುದುಕಿ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಳು. ಅದರ ಡಬ್ಬಿಗೆ ಕೆಂಪು ನೂಲು ಸುತ್ತಿತ್ತು, ನೂಲಿಗೆ ಒಂಬತ್ತು ಗಂಟು. ನಲವತ್ತು ವರ್ಷ ಬೀರುವಿನಲ್ಲಿ ಆಕ್ರೋಡಿನ ಎಲೆಗಳ ನಡುವೆ ಮಲಗಿದ್ದ ವಸ್ತು ಅದು. ಕಹಿ ಎಲೆಯ ವಾಸನೆ, ಅದರಡಿಯಲ್ಲಿ ಹಳೆಯ ವಿನಿಗರ್ ಬಾಟಲಿಯ ಮುಚ್ಚಳ ತೆಗೆದಂಥ ಹುಳಿ ವಾಸನೆ.

ಪಾಂಚೆವೊ ಪಟ್ಟಣದಲ್ಲಿ ಅಂದು ಕೊಶಾವಾ ಬೀಸುತ್ತಿತ್ತು. ಆ ಗಾಳಿಯ ವಿಷಯ ನನ್ನನ್ನು ಕೇಳಬೇಕು. ಅದು ಮೂರು ದಿನ ಬೀಸಿದರೆ ನಾಯಿಗಳು ಬೊಗಳುವುದನ್ನು ಮರೆಯುತ್ತವೆ, ಏಳು ದಿನ ಬೀಸಿದರೆ ಗಂಡಹೆಂಡಿರು ಜಗಳ ಮರೆಯುತ್ತಾರೆ. ಒಮ್ಮೆ ನಮ್ಮ ಪಾದ್ರಿಯ ಟೋಪಿಯನ್ನು ಹಾರಿಸಿಕೊಂಡು ಹೋಗಿ ಡ್ಯಾನ್ಯೂಬ್ ದಾಟಿಸಿತ್ತು; ಮರುದಿನ ಅದು ಬೆಲ್‌ಗ್ರೇಡಿನ ಒಬ್ಬ ಕುಡುಕನ ತಲೆಯ ಮೇಲಿತ್ತು ಎಂದು ನಾನು ಹೇಳಿದರೆ ನಂಬದವರು ಇವತ್ತಿಗೂ ಇದ್ದಾರೆ. ಅಂದು ಆರನೆಯ ದಿನ. ಕಿಟಕಿಗಳ ಮರದ ಬಾಗಿಲು ಬಿಗಿದಿದ್ದರಿಂದ ಮಧ್ಯಾಹ್ನದಲ್ಲೇ ಮನೆಯೊಳಗೆ ಕತ್ತಲು ಕೂತಿತ್ತು.

ವುಕಾಶಿನ್ ನೋವಿ ಸಾದ್‌ನವನು. ಸತ್ತ ಆಟಗಳನ್ನು ಬದುಕಿಸುವುದು ಅವನ ಕಸುಬು. ಡ್ಯಾನ್ಯೂಬಿನ ಎರಡೂ ದಡದಲ್ಲಿ ಅವನಂಥ ಕೈ ಇನ್ನೊಂದಿರಲಿಲ್ಲ. ಬೂಷ್ಟು ಹಿಡಿದ ಟೇಪಿನ ಕಿವಿಯಲ್ಲಿ ಅವನು ಉಸುರಿದರೆ ಅದು ಎದ್ದು ಕೂತು ಕಾಫಿ ಕೇಳುತ್ತಿತ್ತು. ಜಗತ್ತು ಎಸೆದ ಮುನ್ನೂರು ಕಂಪ್ಯೂಟರ್ ಆಟಗಳನ್ನು ಅವನು ಉಳಿಸಿದ್ದ. ಅವುಗಳನ್ನು ಆಡುವವರು ಯಾರೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಹೆಂಡತಿ ಬಿಟ್ಟುಹೋಗಿ ನಾಲ್ಕು ವರ್ಷವಾಗಿತ್ತು. ಏಳು ವರ್ಷದ ಮಗಳು ದುನ್ಯಾ ತಾಯಿಯ ಜೊತೆ ದೂರದ ಸುಬೊತಿತ್ಸಾದಲ್ಲಿದ್ದಳು. ದಿನಾ ಸಂಜೆ ಆರಕ್ಕೆ ಅವನು ಫೋನು ಮಾಡಿ ಅವಳಿಗೊಂದು ಕತೆ ಹೇಳುತ್ತಿದ್ದ. ಕಾಲು ಗಂಟೆ. ಇಡೀ ದಿನದಲ್ಲಿ ಅವನು ಬಾಯಿ ತೆರೆದು ಒಬ್ಬ ಮನುಷ್ಯಜೀವಿಯೊಡನೆ ಮಾತಾಡುತ್ತಿದ್ದುದು ಅಷ್ಟೇ ಹೊತ್ತು. ಒಂದು ದಿನವೂ ತಪ್ಪಿಸಿರಲಿಲ್ಲ.

ಈ ಕ್ಯಾಸೆಟ್ಟಿನಲ್ಲಿದ್ದುದು 'ಬುನಾರ್', ಅಂದರೆ ಬಾವಿ. ಅಜ್ಜಿಯ ಮಗಳು ಸ್ಮಿಲ್ಯಾ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿಕೊಂಡು ತಾನೇ ಬೆಸುಗೆ ಹಾಕಿದ ಕಂಪ್ಯೂಟರಿನಲ್ಲಿ ಬರೆದ ಆಟ. ಆಗೆಲ್ಲ ಆಟಗಳು ರೇಡಿಯೋದಲ್ಲಿ ಬರುತ್ತಿದ್ದವು. ಮೊದಲು ಯಾರಾದರೂ ಎರಡು ಮಾತು ಹೇಳುವರು, ಆಮೇಲೆ ಹಲ್ಲು ಚುಳ್ಳೆನಿಸುವ ಕೀರಲು ಸದ್ದು. ಕೇಳುಗರು ಆ ಸದ್ದನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಕಂಪ್ಯೂಟರಿಗೆ ಕುಡಿಸಿದರೆ ಆಟ ಸಿದ್ಧ. ಏಳು ವರ್ಷದ ವುಕಾಶಿನ್ ಕೂಡ ಅಂದು ಅಪ್ಪನ ತೊಡೆಯ ಮೇಲೆ ಕೂತು ತುಂಬಿಕೊಂಡಿದ್ದ. ಬಾವಿಯ ಮೂರನೆಯ ಬಾಗಿಲವರೆಗೆ ಇಳಿದಿದ್ದ. ಆ ಕ್ಯಾಸೆಟ್ಟೂ ಕಳೆಯಿತು, ಅಪ್ಪನೂ ಹೋದ. ಈ ಆಟವೊಂದನ್ನು ದುನ್ಯಾಳಿಗೆ ಆಡಿಸಬೇಕೆಂದು, ಅವಳು ಹುಟ್ಟಿದಾಗಿನಿಂದ ಅವನು ದೇಶವೆಲ್ಲ ಜಾಲಾಡಿದ್ದ.

ಸ್ಮಿಲ್ಯಾ ಅದೇ ಚಳಿಗಾಲದಲ್ಲಿ ತಾಮಿಶ್ ನದಿಯ ಮೇಲಿನ ಮಂಜುಗಡ್ಡೆ ಒಡೆದು ಮುಳುಗಿದಳು. ತಾಯಿ ಕ್ಯಾಸೆಟ್ಟನ್ನು ತಲೆವಸ್ತ್ರದಲ್ಲಿ ಕಟ್ಟಿಕೊಂಡು ಹೊಮೊಲ್ಯೆ ಬೆಟ್ಟದ ಮಾಟಗಾತಿಯ ಬಳಿಗೆ ಹೋದಳು. ಆಟದ ಮುಂದೆ ಮಗಳು ಆಡಿದ್ದ ಹತ್ತು ಸೆಕೆಂಡಿನ ಮಾತಿಗೆ ಮಾಟ ಕಟ್ಟಿಸಿ, ಸ್ವರ ಎಲ್ಲಿಯೂ ಹೋಗದಂತೆ ಟೇಪಿನಲ್ಲೇ ನಿಲ್ಲಿಸಿಕೊಂಡಳು.

"ಟೇಪು ಹಣ್ಣಾಗಿದೆ, ಇನ್ನೊಂದೇ ಸಲ ಓಡೋದು ಅಂತ ನೀನೇ ಅಂದೆ," ಎಂದಳು ಅಜ್ಜಿ. "ಆ ಒಂದು ಸಲ ನಂಗೆ ಅವಳ ಮಾತು ಕೇಳಿಸು. ಕಟ್ಟಿರೋ ಸ್ವರ ಅದು. ಅದರ ಮನೆ ಕೆಡವಿದ್ರೆ ಬೇರೆ ಮನೆ ಹುಡುಕುತ್ತೆ."

"ಬಾಡಿಗೆಗೆ ನಮ್ಮನೆ ಖಾಲಿ ಇದೆ, ಕಳಿಸಿಕೊಡಿ," ಎಂದು ನಗುತ್ತಲೇ ವುಕಾಶಿನ್ ಹಿಂದಿನ ಕೋಣೆಗೆ ನಡೆದ.

ನೂಲು ಕಿತ್ತು ದೀಪದಡಿ ಹಿಡಿದು ನೋಡಿದ. ಟೇಪಿನ ಮೊದಲ ಒಂದು ಮೊಳ ಕೊಳೆತಿತ್ತು. ಬಿಳಿ ಬೂಷ್ಟು, ಅಂಟು ಜಿಗುಟು. ಅದು ಮೊದಲು ಹಾದರೆ ಯಂತ್ರದ ಓದುವ ತುದಿಗೆ ಕೊಳೆ ಮೆತ್ತಿ, ಹಿಂದೆ ಬರುವ ಆಟವೆಲ್ಲ ಹರಿದುಹೋಗುತ್ತದೆ. ಒಂದು ಮೊಳ ಅಂದರೆ ಸರಿಯಾಗಿ ಹತ್ತು ಸೆಕೆಂಡು. ಚೀಲದಲ್ಲಿ ಇನ್ನೊಂದು ಪ್ಲೇಯರ್ ಇತ್ತು. ಆ ತುಂಡನ್ನು ಬೇರೆ ಮಾಡಿ ಅದರಲ್ಲಿ ನುಡಿಸಬಹುದಿತ್ತು. ಆದರೆ ಒರೆಸಿ ಒಣಗಿಸಲು ಒಂದು ದಿನ ಬೇಕು. ಅವನ ಕಸುಬಿನವರಿಗೆ ಕೀರಲು ಸದ್ದೇ ಆಟ. ಅದಕ್ಕೆ ಮುಂಚಿನ ಮಾತು ಕಸ. ಮುನ್ನೂರು ಟೇಪಿಗೂ ಹೀಗೆಯೇ ಮಾಡಿದ್ದ.

ಕಚಕ್.

ಒಂದು ಮೊಳ ಟೇಪನ್ನೂ ಕೆಂಪು ನೂಲನ್ನೂ ಉಂಡೆ ಮಾಡಿ ಕಬ್ಬಿಣದ ಒಲೆಗೆ ಎಸೆದ. ಕೂದಲು ಸುಟ್ಟ ವಾಸನೆ ಬಂತು. ಒಲೆಯ ಕೊಳವೆಯೊಳಗೆ ಗಾಳಿ ಒಮ್ಮೆ ಉಸಿರು ಕಟ್ಟಿದಂತೆ ನಿಂತಿತು. ಅವನು ಗಮನಿಸಲಿಲ್ಲ. ಉಳಿದ ಟೇಪಿಗೆ ಹೊಸ ತುಂಡು ಅಂಟಿಸಿ ಗುಂಡಿ ಒತ್ತಿದ.

ಕೀರಲು ಎದ್ದಿತು. ಸಾವಿರ ಜೀರುಂಡೆಗಳನ್ನು ತಗಡಿನ ಡಬ್ಬಿಗೆ ತುಂಬಿ ಅಲ್ಲಾಡಿಸಿದಂಥ ಸದ್ದು. ನಾಲ್ಕು ನಿಮಿಷ. ಟೇಪಿನ ಕಂದು ಪುಡಿ ಉದುರುತ್ತ ಹೋಯಿತು, ಹಿಂದೆ ಗಾಜಿನಂಥ ಬರಿಯ ಪಟ್ಟಿ ಉಳಿಯಿತು. ಕೊನೆಗೆ ಪರದೆಯ ಮೇಲೆ ಬಿಳಿಯ ಅಕ್ಷರ ಮೂಡಿತು: ನೀನು ಬಾವಿಯ ಕಟ್ಟೆಯ ಮೇಲಿದ್ದೀಯೆ.

ವುಕಾಶಿನ್ ಕುರ್ಚಿ ಬೀಳುವಂತೆ ಎದ್ದ. ಬಂತು ಎಂದು ಕೂಗಿದ.

ಸದ್ದು ಬರಲಿಲ್ಲ.

ಇನ್ನೊಮ್ಮೆ ಕೂಗಿದ. ತುಟಿ ಅಲುಗಿತು. ಗಂಟಲಿನಲ್ಲಿ ಏನೂ ಇರಲಿಲ್ಲ. ನಾಲಿಗೆಯ ಮೇಲೆ ತುಕ್ಕಿನ ರುಚಿ. ಕೆಮ್ಮಿದ. ಅಂಗೈಯಲ್ಲಿ ಕಂದು ಪುಡಿ.

ಅಡುಗೆಮನೆಗೆ ಓಡಿದ. ಅಜ್ಜಿ ತೋಳಿನ ಬಟ್ಟೆ ಸರಿಮಾಡಿಕೊಂಡು, ಅತಿಥಿಗಾಗಿ ಕಾಯುವವಳಂತೆ ಕೂತಿದ್ದಳು. "ಕೇಳಿಸ್ತೀಯಾ ಮೇಸ್ತ್ರಿ?" ಎಂದವಳು ಅವನ ಬಾಯಿಯ ಅಂಚಿನ ಕಂದು ಗೆರೆ ನೋಡಿದಳು. ಅವಳ ಮೂಗು ಅರಳಿತು. ಸುಟ್ಟ ವಾಸನೆ ಅಲ್ಲಿಗೂ ಬಂದಿತ್ತು.

"ಒಲೆಗೆ ಹಾಕ್ದೆಯಾ?"

ಅವನು ಹೌದೆಂದು ತಲೆಯಾಡಿಸಿದ.

ಮುದುಕಿ ಬೈಯಲಿಲ್ಲ. "ಬಾಯಿ ಮುಚ್ಚು. ಹಲ್ಲು ಕಚ್ಚಿ ಮುಚ್ಚು. ಅದು ಈಗ ಮನೆ ಹುಡುಕ್ತಾ ಇದೆ. ಒಲೆ ತಣ್ಣಗಾಗೋವರೆಗೂ ತೆರೀಬೇಡ, ನಿನ್ನ ಸ್ವರ ನಿಂಗೆ ವಾಪಸ್ ಬರುತ್ತೆ. ತೆರೆದ್ಯೋ, ಆಮೇಲೆ ಬಿಡಿಸೋರು ಯಾರೂ ಇಲ್ಲ. ಕಟ್ಟಿದವಳು ಸತ್ತು ಮೂವತ್ತು ವರ್ಷ ಆಯ್ತು."

ಒಲೆಯ ಕೊಳವೆಯಲ್ಲಿ ಗುನುಗು ಶುರುವಾಯಿತು. ಗಾಳಿಯಲ್ಲ. ಮಾತಾಗಲು ಹವಣಿಸುವ ಸದ್ದು. ಅದು ಗೋಡೆಯೊಳಗೆ ಇಳಿಯಿತು. ನೆಲದ ಹಲಗೆಯಡಿ ಹರಿಯಿತು. ಖಾಲಿ ಲೋಟಗಳಲ್ಲಿ ಇಣುಕಿತು. ಅವನ ಮುಖದ ಮುಂದೆ ನಿಂತಿತು. ನದಿಯ ತಂಪು. ತುಟಿಗಳ ಮೇಲೆ ತಣ್ಣನೆಯ ಉಸಿರು. ಹಲ್ಲಿನ ಮೇಲೆ ಉಗುರಿನಿಂದ ಬಡಿದಂತೆ, ಟಕ್, ಟಕ್. ಅವನು ದವಡೆ ಬಿಗಿದ. ಮೂಗಿನಲ್ಲಿ ಉಸಿರೆಳೆದ. ಬೆವರಿದ.

ಗಡಿಯಾರ ಆರು ಹೊಡೆಯಿತು.

ಸುಬೊತಿತ್ಸಾದಲ್ಲಿ ಒಂದು ಮಗು ಫೋನಿನ ಪಕ್ಕ ಕೂತಿದೆ. ಮಾತಾಡುವುದು ಬೇಡ. ಬರಿಯ ಉಸಿರು ಕೇಳಿದರೂ ಅಪ್ಪ ಎಂದು ಗುರುತಿಸುತ್ತಾಳೆ. ಗೋಡೆಗೆ ಹಾಕಿದ್ದ ಫೋನನ್ನು ಎತ್ತಿದ. ಅಜ್ಜಿ ಬೇಡವೆಂದು ಕೈಯೆತ್ತಿದಳು. ಅವನು ನಂಬರು ತಿರುಗಿಸಿದ.

"ಅಪ್ಪಾ?"

ಅವನು ಮೂಗಿನಿಂದ ಉಸಿರು ಬಿಟ್ಟ.

"ಅಪ್ಪಾ, ಮಾತಾಡಿ. ಯಾಕೆ ಸುಮ್ನಿದ್ದೀರಾ?" ಹುಡುಗಿ ಕಾದಳು. "ಏನೋ ಗೊಯ್ ಅಂತಿದೆ. ಅಪ್ಪಾ, ನಂಗೆ ಭಯ ಆಗ್ತಿದೆ."

ದವಡೆ ನೋಯುತ್ತಿತ್ತು. ಒಲೆಯಲ್ಲಿ ಇನ್ನೂ ಕೆಂಡವಿತ್ತು. ಆ ಕಡೆ ಅಳು ಶುರುವಾಯಿತು. ಸಣ್ಣಗೆ. ಒಬ್ಬರೇ ಅಳುವವರು ಅಳುವ ಹಾಗೆ.

ಅವನು ಬಾಯಿ ತೆರೆದ.

ತಣ್ಣನೆಯದೊಂದು ನಾಲಿಗೆಯ ಮೇಲೆ ಕಾಲಿಟ್ಟಿತು. ಗಂಟಲಿಗಿಳಿಯಿತು. ಕೂತಿತು.

"ಅಳ್ಬೇಡ ಪುಟ್ಟಿ, ನಾನಿದ್ದೀನಿ."

ಹತ್ತೊಂಬತ್ತು ವರ್ಷದ ಹೆಣ್ಣಿನ ದನಿ. ತಿಳಿಯಾಗಿ, ಸ್ವಲ್ಪ ಮೂಗಿನಲ್ಲಿ, ರೇಡಿಯೋದಲ್ಲಿ ಬಂದಂತೆ. ಹಿಂದೆ ಅಜ್ಜಿ ಗೋಡೆಗೆ ಒರಗಿದಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಹೇಳಿದಳು: "ಸ್ಮಿಲ್ಯಾ. ಇನ್ನೊಂದು ಮಾತಾಡು ಮಗಳೇ."

"ಯಾರಕ್ಕಾ ನೀವು?" ಎಂದಳು ದುನ್ಯಾ.

"ನಾನು ಅಪ್ಪ. ದುನ್ಯಾ, ನಾನೇ."

ಮಗು ಮೂಗೊರೆಸಿಕೊಂಡು ಸಣ್ಣಗೆ ನಕ್ಕಳು. ಆಮೇಲೆ, ಅಪರಿಚಿತರೊಡನೆ ಮಾತಾಡಲು ಅಮ್ಮ ಕಲಿಸಿದ ವಿನಯದಲ್ಲಿ ಹೇಳಿದಳು:

"ಅಕ್ಕಾ, ನಂಬರ್ ತಪ್ಪಾಗಿದೆ ಅನ್ಸುತ್ತೆ. ದಯವಿಟ್ಟು ಇಟ್ಬಿಡಿ. ನಮ್ಮಪ್ಪ ಫೋನ್ ಮಾಡೋ ಹೊತ್ತಿದು, ಲೈನ್ ಖಾಲಿ ಇರ್ಬೇಕು."