ಸಾಲಿನಲ್ಲಿದ್ದ ಗುದ್ದಲಿ

"ಕೀಲಿ ಎಸೆಯೋ ಇಲ್ಲಿ! ಇನ್ನೊಂದ್ಸಲ ಈ ಮೆಟ್ಲು ಹತ್ತಿದ್ರೆ ಕಾಲು ಮುರೀತೀನಿ!"

"ನಾನ್ ಮಾಡಿಲ್ಲ ಅಂದ್ನಲ್ಲೋ ವಿಜಿ!"

"ಮತ್ಯಾರು, ನಿಮ್ಮಜ್ಜಿ ಬಂದು ಕೊಂದ್ಲಾ?"

ತರೀಕೆರೆ ಬಸ್‌ ಸ್ಟ್ಯಾಂಡ್ ಹಿಂದಿನ ಮೊಬೈಲ್ ರಿಪೇರಿ ಅಂಗಡಿ. ಆಯುಧಪೂಜೆಯ ಮರುದಿನ ಬೆಳಿಗ್ಗೆ. ಫೋನ್ ತೋರಿಸಲು ಬಂದಿದ್ದ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಈರಭದ್ರಪ್ಪ ಬಾಗಿಲಲ್ಲೇ ನಿಂತರು.

"ಕೊಲೆನಾ? ಹೆಣ ಎಲ್ಲಿ?"

ಅಂಗಡಿ ಮಾಲೀಕ ವಿಜಯ್ ಕಂಪ್ಯೂಟರ್ ಕಡೆ ಕೈ ತೋರಿಸಿದ. ಪರದೆಯಲ್ಲಿ ಗುಡಾರಗಳು, ಆರಿದ ಬೆಂಕಿ, ಸುತ್ತ ಹನ್ನೆರಡು ಸೈನಿಕರ ಹೆಣ.

"ಥೂ! ಗೇಮಾ? ಇದಕ್ಕಾ ಬೀದಿಗೆಲ್ಲಾ ಕೇಳೋ ಹಂಗೆ ಕೂಗ್ತಿರೋದು?"

"ವರ್ಷವೆಲ್ಲಾ ಕಟ್ಟಿದ ದಂಡು ಸಾರ್. ಇದ್ರಲ್ಲಿ ಸತ್ತೋರು ಸತ್ತಂಗೇ. ವಾಪಸ್ ಬರಲ್ಲ."

"ಎಲ್ಲಿಗೆ ಹೊರಟಿತ್ತು ದಂಡು?"

"ಎಲ್ಲಿಗೂ ಇಲ್ಲ," ಎಂದ ಅರ್ಫಾತ್. ಎದುರಿನ ಪಂಕ್ಚರ್ ಅಂಗಡಿಯವನು. ವಿಜಯನ ಜೊತೆ ದಿನಾ ಸಂಜೆ ಆಡುವವನು. "ಅದೇ ಮಜಾ. ಹೀಗೇ ಹೋಗು ಅಂತ ಯಾರೂ ಹೇಳಲ್ಲ. ಊರು ಕಾಯ್ಬೋದು, ದೋಚ್ಬೋದು, ಉಪ್ಪು ಮಾರ್ಕೊಂಡೂ ಬದುಕ್ಬೋದು. ಯಾರನ್ನ ಯಾವ ಬಂಡೆ ಮರೇಲಿ ನಿಲ್ಲಿಸ್ಬೇಕು ಅಂತ ನಾವೇ ಲೆಕ್ಕ ಹಾಕ್ಬೇಕು. ಹಗಲೆಲ್ಲಾ ಇನ್ನೊಬ್ರು ಹೇಳಿದ್ದು ಮಾಡ್ತೀನಿ ಸಾರ್. ನನ್ನ ಇಷ್ಟದಂಗೆ ನಡೆಯೋದು ಇದೊಂದ್ರಲ್ಲೇ. ಇದನ್ನ ನಾನೇ ಕೊಲ್ತೀನಾ?"

"ಕೊಂದಿದೀಯ!" ವಿಜಯ್ ಗೋಡೆ ಗುದ್ದಿದ. "ಮೊನ್ನೆ ನಾನು ಹಳ್ಳಿ ಸುಡೋಣ ಅಂದೆ, ಇವ್ನು ಬೇಡ ಅಂತ ಜಗಳ ತೆಗ್ದ. ಅಂಗಡೀದು ಇನ್ನೊಂದ್ ಕೀಲಿ ಇವನತ್ರಾನೇ ಇದೆ. ನಿನ್ನೆ ನಾನು ಪೂಜೆ ಮಾಡಿ ಬೀಗ ಹಾಕಿ ಯಗಟಿಗೆ ಹೋದೆ. ಇವ್ನು ಬಂದು ದಂಡಿನ ಆಯುಧ ಎಲ್ಲಾ ಕೆಳಗಿಟ್ಟು, ಕಳ್ಳರ ಬಾಯಿಗೆ ಕೊಟ್ಟಿದಾನೆ!"

ಈರಭದ್ರಪ್ಪ ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ಕತ್ತಿ, ಭರ್ಜಿ ಸಾಲಾಗಿ ಮಲಗಿದ್ದವು. ಪಕ್ಕದಲ್ಲೇ ಕೊಡಲಿ, ಅಡುಗೆಯ ಚೂರಿ, ಗುದ್ದಲಿ. ಆಮೇಲೆ ಮೇಜು ನೋಡಿದರು. ಪೂಜೆಗಿಟ್ಟ ಸ್ಕ್ರೂಡ್ರೈವರ್‌ಗಳೂ ಸಾಲಾಗಿ ಮಲಗಿದ್ದವು. ಮೌಸಿನ ಮೇಲೆ ಒಣಗಿದ ಕುಂಕುಮ. ಮೌಸಿನಿಂದ ಕೀಬೋರ್ಡಿನವರೆಗೆ ಬಾಡಿದ ಸೇವಂತಿಗೆ ಹಾರ.

"ಈ ಹೂವು ಇಟ್ಟೋನು ಯಾರು?"

"ನಾನೇ."

"ಇವತ್ತು ಮುಟ್ಟಿದ್ಯಾ?"

"ಎಲ್ಲಿ ಮುಟ್ಲಿ? ಬಾಗಿಲು ತೆಗೀತಿದ್ದಂಗೇ ಪರದೆ ನೋಡಿ ಎದೆ ಒಡೀತು."

"ಹಂಗಾದ್ರೆ ನೀನಿಟ್ಟಂಗೇ ಇದೆ?"

"ಹ್ಞೂ—" ಎಂದ ವಿಜಯ್. ಬಾಯಿ ತೆರೆದೇ ಉಳಿಯಿತು.

"ಲೇ ಮುಠ್ಠಾಳ! ಹೂವು ಕದಲಿಲ್ಲ, ಕುಂಕುಮ ಉದುರಿಲ್ಲ. ಪೂಜೆ ಆದ್ಮೇಲೆ ಯಾರೂ ಮೌಸ್ ಮುಟ್ಟಿಲ್ಲ. ಅಂದ್ಮೇಲೆ ಆಯುಧ ಕೆಳಗಿಳಿದಿದ್ದು ಪೂಜೆಗೆ ಮುಂಚೆ. ಆಗ ಇಲ್ಲಿದ್ದೋನು ಯಾರು? ಸೇಡಿಗೆ ಬಂದೋನು ಕತ್ತಿ ಕಿತ್ಕೊತಾನೆ, ಗುದ್ದಲಿ ತಂದು ಸಾಲಲ್ಲಿ ಇಡ್ತಾನಾ? ಅಂಗಡೀಲಿ ಸ್ಕ್ರೂಡ್ರೈವರ್ ಜೋಡಿಸ್ದಂಗೆ ದಂಡಿಗೂ ಪೂಜೆ ಮಾಡ್ಸಿದೀಯ ನೀನು!"

ವಿಜಯನ ತಲೆ ತಗ್ಗಿತು. "ಹೂವು ಏರಿಸಿದ ಮೇಲೆ ಗೇಮ್ ನಿಲ್ಲಿಸಿಲ್ಲ ಅಂತ ನೆನಪಾಯ್ತು. ಪೂಜೆ ಆದ್ಮೇಲೆ ಮುಟ್ಟಂಗಿಲ್ವಲ್ಲ... ಒಂದು ದಿನ ತಾನೇ, ಏನಾಗತ್ತೆ ಅಂದ್ಕೊಂಡೆ. ಗೇಮ್ ನಡೀತಾನೇ ಇತ್ತು, ಬರಿಗೈ ದಂಡಿನ ಮೇಲೆ ಕಳ್ಳರು ಬಿದ್ರು."

"ಗೊತ್ತಿದ್ದೂ ಇವನ ಮೇಲೆ ಹಾಕಿದ್ಯಾ?"



ಅರ್ಫಾತ್ ಜೇಬಿನಿಂದ ಕೀಲಿ ತೆಗೆದು ಸೇವಂತಿಗೆ ಪಕ್ಕ ಇಟ್ಟ.

"ಲೇ, ಹೊಸ ದಂಡು ಕಟ್ಟೋಣ ಕಣೋ. ಹಳ್ಳಿ ಸುಡೋದು ಬೇಡ, ನೀನ್ ಹೇಳ್ದಂಗೇ ಹೋಗೋಣ!" ಎಂದ ವಿಜಯ್.

ಅರ್ಫಾತ್ ಮೆಟ್ಟಿಲಿಳಿದು ರಸ್ತೆ ದಾಟಿದ. ಆ ಸಂಜೆ ವಿಜಯ್ ಎರಡು ಕುರ್ಚಿ ಹಾಕಿ ಕಾದ. ಎದುರಿನ ಅಂಗಡಿಯಲ್ಲಿ ಬೆಳಕಿತ್ತು, ಟ್ಯೂಬಿಗೆ ಗಾಳಿ ತುಂಬುವ ಸದ್ದೂ ಇತ್ತು. ಅರ್ಫಾತ್ ಮಾತ್ರ ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ.