ರುಫಿಜಿ ಅಳಿವೆಯ ಬೆಂದ ಸೀಗಡಿ

ಸಂಜೆ ಚಹಾ ಕುಡಿಯುತ್ತಿದ್ದಾಗ ಹೆಂಡತಿಯ ಅಣ್ಣ ಮಕುಂಗು ಬಂದು, "ಏಳಯ್ಯ, ಮೀನಿಗೆ ಹೋಗೋಣ" ಎಂದ. ಹಾಗೇ ಎದ್ದು ಹೊರಟೆವು. ರುಫಿಜಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಉಪ್ಪುನೀರಲ್ಲೇ ಬೇರು ಬಿಟ್ಟ ಕಾಂಡ್ಲಾ ಮರವೊಂದಕ್ಕೆ ದೋಣಿ ಕಟ್ಟಿ, ಇಬ್ಬರೂ ಒಂದೇ ಕಡೆ ಗಾಳ ಬಿಟ್ಟೆವು. ನಡುರಾತ್ರಿಯಾದರೂ ಒಂದು ಮೀನೂ ಕಚ್ಚಲಿಲ್ಲ. ಸೊಳ್ಳೆಗಳ ಕಾಟ ಬೇರೆ.

ಬೇಸತ್ತು ಅವನು ಗಾಳ ಎಳೆದ. ಎರೆಯಾಗಿ ಸಿಕ್ಕಿಸಿದ್ದ ಹಸಿ ಸೀಗಡಿ ಕೆಂಪಗೆ ಬೆಂದು ಬಂದಿತ್ತು, ಮುಟ್ಟಿದರೆ ಬಿಸಿ. ನೀರು ಮಾತ್ರ ತಣ್ಣಗೆ ಕೊರೆಯುತ್ತಿತ್ತು.

"ತಮಾಷೆ ಮಾಡ್ತಿದ್ದೀಯೇನೋ?" ಎಂದು ನನ್ನ ಮೇಲೆ ರೇಗಿದ.

"ನಂಗೇನು ಹುಚ್ಚಾ, ಭಾವ? ಇನ್ನೊಂದು ಬಿಟ್ಟು ನೋಡು."

ಅದೂ ಬೆಂದೇ ಬಂತು. ಗಾಳ ಅದಲುಬದಲು ಮಾಡಿಕೊಂಡೆವು. ಆಗಲೂ ಅವನದು ಬೆಂದಿತು, ನನ್ನದು ಹಸಿಯಾಗೇ ಬಂತು. ನಾನು ಬೇಡವೆಂದರೂ ಕೇಳದೆ, ಸಿಟ್ಟಿನಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡ. ಅಗಿಯುತ್ತಿದ್ದವನು ತಟ್ಟನೆ ನಿಲ್ಲಿಸಿದ.

"ತೆಂಗಿನ ಹಾಲು, ಏಲಕ್ಕಿ. ಅಮ್ಮನ ಕೈರುಚಿ ಕಣೋ."

ಅತ್ತೆಯನ್ನು ಮಣ್ಣು ಮಾಡಿ ಎರಡು ಮಳೆಗಾಲ ಕಳೆದಿತ್ತು.

"ಹೊರಡೋಣ ಭಾವ" ಎಂದು ಎಷ್ಟು ಗೋಗರೆದರೂ ಅವನು ಏಳಲಿಲ್ಲ. ಬುಟ್ಟಿಯ ಸೀಗಡಿ ಮುಗಿಯುವವರೆಗೂ ಒಂದೊಂದನ್ನೇ ನೀರಿಗಿಳಿಸಿ ತಿಂದ. ಹಬೆಯಾಡುತ್ತಿದ್ದ ಕೊನೆಯದನ್ನು ನನ್ನ ಅಂಗೈಗೆ ಹಾಕಿದ.

ನನ್ನ ಕೈಗೆ ಬಿದ್ದಾಗ ಅದು ಹಸಿಯಾಗಿತ್ತು.