ಯಾವ ಪಟ್ಟಿಗೂ ಸೇರದ ಬೆಳಗು

"ಚೀಲ ಬಿಚ್ಚು!"

ಆ ದನಿ ಕಿವಿಗೆ ಬಿದ್ದೊಡನೆ ಎಲೊಡಿ ತಿರುಗಿ ನೋಡಿದಳು.

ಬಸ್ಸಿನ ಹೊಗೆಯೂ ಕೊಳೆತ ಕಡಲಪಾಚಿಯ ನಾತವೂ ಬೆರೆತಿದ್ದ ನೌಕಾ ಕೆಡೆಟ್ ಶಿಬಿರದ ಅಂಗಳದಲ್ಲಿ ಅವನು ನಿಂತಿದ್ದ. ಹೆಗಲ ಮೇಲೆ ಸಿಬ್ಬಂದಿಯ ಬಿಳಿ ಹುರಿ, ಕೊರಳಲ್ಲಿ ಸೀಟಿ, ಮೇಲೆತ್ತಿದ ಗಲ್ಲ... ಲಾಕ್ಲನ್ ಮ್ಯಾಕಿನಿಸ್! ಕಳೆದ ಬೇಸಿಗೆಯಲ್ಲಿ ಇದೇ ಅಂಗಳದಲ್ಲಿ ಅವಳ ಪಕ್ಕದಲ್ಲಿ ನಿಂತು, ಇಂಥ ಹುರಿ ತೊಟ್ಟವರನ್ನು ಕಂಡು ಹಲ್ಲು ಕಡಿದವನು ಇವನೇ.

"ಕೇಳಿಸ್ಲಿಲ್ವಾ, ಕೆಡೆಟ್ ಗೊದೆ? ಚೀಲ ಬಿಚ್ಚು ಅಂದೆ."

ಮನೆತನದ ಹೆಸರು ಹಿಡಿದು ಕೆಡೆಟ್ ಗೊದೆಯಂತೆ! 'ಎಲ್ಲೀ' ಎಂದು ಮುದ್ದಿನ ಹೆಸರು ಹಿಡಿದು ಕಡಲ ದಂಡೆಯುದ್ದಕ್ಕೂ ಕೂಗುತ್ತಿದ್ದ ಬಾಯಿ ಇದೇ ಏನು?

ಅವಳು ತುಟಿ ಕಚ್ಚಿ ಚೀಲ ತೆರೆದಳು. ಮೇಲೆಯೇ ಇತ್ತು, ತನ್ನೂರು ಬುಕ್ತೂಷಿನಿಂದ ಹೊರಡುವಾಗ ತಾಯಿ ಕಟ್ಟಿಕೊಟ್ಟಿದ್ದ ಪುತೀನ್ ರಾಪೆಯ ಪೊಟ್ಟಣ. ತುರಿದ ಆಲೂಗಡ್ಡೆಯ ಹೊಟ್ಟೆಯಲ್ಲಿ ಉಪ್ಪು ಹಂದಿಮಾಂಸವಿಟ್ಟು ಬೇಯಿಸಿದ, ಮುಷ್ಟಿಗಾತ್ರದ ಎರಡು ಉಂಡೆಗಳು. ಬಿಸಿಯಿದ್ದಾಗ ಅಮೃತ, ಆರಿದರೆ ಬೂದುಬಣ್ಣದ ಲೋಳೆ.

"ಅಯ್ಯಪ್ಪಾ, ಅದೇನದು? ತಿಮಿಂಗಿಲದ ಕಣ್ಣುಗುಡ್ಡೇನಾ?" ಹೊಸದಾಗಿ ಬಂದಿದ್ದ ಮಕ್ಕಳಲ್ಲಿ ಯಾರೋ ಕೇಳಿದರು. ಸಾಲೆಲ್ಲ ಗೊಳ್ಳೆಂದಿತು.

ಲಾಕ್ಲನ್ ನಗಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ.

"ಮಲಗೋ ಕೊಠಡಿಗೆ ತಿಂಡಿ ತರೋ ಹಾಗಿಲ್ಲ. ಇಲಿ ಬರುತ್ತೆ." ಪೊಟ್ಟಣವನ್ನೆತ್ತಿಕೊಂಡು ಕಸದ ಡಬ್ಬಿಗಳ ಕಡೆಗೆ ನಡೆದೇಬಿಟ್ಟ.

ಛೀ! ಒಂದು ತುಂಡು ಹುರಿಗೆ ಇಷ್ಟು ಬೇಗ ಮನುಷ್ಯ ಕೊಳೆತುಹೋಗುತ್ತಾನೆಯೇ?

ಸಿಬ್ಬಂದಿಯೆಂದರೆ ಎಲೊಡಿಗೆ ಅಷ್ಟು ಹೇಸಿಗೆ ಹುಟ್ಟಲು ಕಾರಣವಿತ್ತು. ಹಿರಿಯ ಕೆಡೆಟ್ಟುಗಳಲ್ಲೇ ಕೆಲವರು ಸಿಬ್ಬಂದಿಯಾಗಿ ಕಿರಿಯರನ್ನು ನೋಡಿಕೊಳ್ಳುತ್ತಿದ್ದರು; ಕಳೆದ ವರ್ಷ ಅಂಥವರಲ್ಲೊಬ್ಬನಾದ ಹೆನ್ಷಾ ಪುಟ್ಟ ಮಕ್ಕಳ ಕೊಠಡಿಯ ಮೇಲ್ವಿಚಾರಕನಾಗಿದ್ದ. ಪುಟ್ಟ ಹುಡುಗಿಯೊಬ್ಬಳು ಹಾಸಿಗೆ ಒದ್ದೆ ಮಾಡಿಕೊಂಡಾಗ, ಅಧಿಕಾರಿಗಳಿಲ್ಲದ ಸಮಯ ನೋಡಿ, ಆ ಒದ್ದೆ ಹಾಸನ್ನು ಅಂಗಳದ ಹಗ್ಗಕ್ಕೆ ಕಟ್ಟಿ ಬಾವುಟದಂತೆ ಏರಿಸಿದ್ದ. ಎಲ್ಲರಿಂದಲೂ ಅದಕ್ಕೆ ಸಲಾಮು ಹೊಡೆಸಿದ್ದ. ಗಾಳಿ ಬೀಸಿದಾಗಲೆಲ್ಲ ಮೂತ್ರದ ವಾಸನೆ ಸಾಲಿನ ಮೇಲೆ ಹಾಯುತ್ತಿತ್ತು. ಆ ಮಗು ಅಳಲೂ ಇಲ್ಲ, ಕಲ್ಲಾಗಿ ನಿಂತಿತ್ತು.

ಆ ಸಂಜೆ ದಂಡೆಯ ಮೇಲೆ ಕುಳಿತು ಎಲೊಡಿ ಲಾಕ್ಲನ್‌ನಿಂದ ಮಾತು ತೆಗೆದುಕೊಂಡಿದ್ದಳು: 'ನಾವಿಬ್ಬರೂ ಈ ಹೊಲಸು ಹುರಿ ಯಾವತ್ತೂ ತೊಡೋದಿಲ್ಲ. ಮುಂದಿನ ವರ್ಷ ಉನ್ನತ ತರಬೇತಿಗೆ ಹೋಗೋಣ. ಆ ದೊಡ್ಡ ಹಾಯಿಹಡಗಿನಲ್ಲಿ, ಒಟ್ಟಿಗೆ.'

ಅವನು ಒಪ್ಪಿದ್ದ. ಕೈ ಹಿಡಿದು ಒಪ್ಪಿದ್ದ!

ಈ ಏಪ್ರಿಲ್‌ನಲ್ಲಿ ಅವನೂರಾದ ಕೇಪ್ ಬ್ರೆಟನ್‌ನಿಂದ ಅವನ ಕರೆ ಬಂದಿತು. 'ಎಲ್ಲೀ, ತರಬೇತಿ ಬಿಟ್ಟೆ... ಸಿಬ್ಬಂದಿಗೆ ಸೇರ್ತಾ ಇದ್ದೀನಿ. ಯಾಕಂದ್ರೆ...' ಮುಂದಿನದನ್ನು ಅವಳು ಕೇಳಲಿಲ್ಲ. 'ಛೀ' ಎಂದೊಂದೇ ಮಾತು ಉಗುಳಿ ಫೋನಿಟ್ಟಿದ್ದಳು. ಮತ್ತೆ ಅವನು ಮಾಡಿದ ಕರೆಗಳು ಬರಿದೇ ಮೊಳಗಿ ಸುಮ್ಮನಾಗಿದ್ದವು.

ಆ ರಾತ್ರಿ ಮೇಲಿನ ಮಂಚದಿಂದ ಟ್ಯಾಮ್ಸಿನ್ ತಲೆ ಇಳಿಬಿಟ್ಟು ಕೆಣಕಿದಳು. "ನಿನ್ನ ಹಳೇ ಗೆಳೆಯ ದೊಡ್ಡ ಸಾಹೇಬ ಆಗ್ಬಿಟ್ಟಿದ್ದಾನಲ್ಲೇ! ಹೆನ್ಷಾ ಇದ್ದ ಜಾಗಾನೇ ಸಿಕ್ಕಿದೆಯಂತೆ."

"ಅವನ ಸುದ್ದಿ ಎತ್ತಬೇಡ. ವಾಕರಿಕೆ ಬರುತ್ತೆ."

"ವಾಕರಿಕೆ ಬರೋಳು ಊಟದ ಮನೇಲಿ ಅವನ್ನೇ ಯಾಕೆ ನೋಡ್ತಿದ್ದೆ?"

ಎಲೊಡಿ ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಗಾಗುವಷ್ಟರಲ್ಲಿ ವಾಕರಿಕೆ ಇಡೀ ಶಿಬಿರಕ್ಕೆ ಬಂದಿತ್ತು. ಹೊಟ್ಟೆಬೇನೆ ಕೊಠಡಿಯಿಂದ ಕೊಠಡಿಗೆ ಹಬ್ಬಿ, ಮಕ್ಕಳು ಸಾಲುಸಾಲಾಗಿ ಕಾರಿಕೊಳ್ಳುತ್ತಿದ್ದರು. ಸಿಬ್ಬಂದಿಯಲ್ಲೂ ಇಬ್ಬರು ಮಲಗಿಬಿಟ್ಟಿದ್ದರು.

ಲೆಫ್ಟಿನೆಂಟ್ ಡೂಸೆ ಮೇಡಂ ಎಲೊಡಿಯನ್ನು ಕರೆಸಿದರು.

"ನೋಡು ಮಗಳೇ, ಸುತ್ತಿ ಬಳಸಿ ಹೇಳಲ್ಲ. ದೋಣಿ ಕಲಿಸೋ ಸಿಬ್ಬಂದಿಯ ಮುಖ್ಯಸ್ಥೆ ಹಾಸಿಗೆ ಹಿಡಿದಿದ್ದಾಳೆ, ಮನೆಗೆ ಕಳಿಸ್ತಾ ಇದ್ದೀವಿ. ಆ ಜಾಗಕ್ಕೆ ನೀನು ತಕ್ಕವಳು. ತರಬೇತಿಗೂ ತಕ್ಕವಳೇ; ಹಡಗು ಕಟ್ಟೆಯಲ್ಲಿ ನಿಂತಿದೆ. ಎರಡರಲ್ಲಿ ಒಂದು ಆರಿಸ್ಕೋ. ಧ್ವಜವಂದನೆ ಹೊತ್ತಿಗೆ ನನಗೆ ಉತ್ತರ ಬೇಕು."

"ಈಗ ನನ್ನ ಹೆಸರು ಯಾವ ಪಟ್ಟೀಲಿದೆ, ಮೇಡಂ?"

"ಯಾವುದರಲ್ಲೂ ಇಲ್ಲ. ನಿನ್ನ ಉತ್ತರ ಬರೋ ತನಕ ತರಬೇತಿ ಪಟ್ಟಿಯಿಂದಲೂ ತೆಗೆದಿಟ್ಟಿದ್ದೀನಿ. ಆರಿಸಿದ ಮೇಲೆ ಮಾತ್ರ ಜ್ಞಾಪಕ ಇರಲಿ: ತರಬೇತಿಯವರಿಗೂ ಸಿಬ್ಬಂದಿಗೂ ನಡುವೆ ಗೆಳೆತನ, ಪ್ರೀತಿ, ಗೀತಿ ಏನೂ ನಡೆಯಲ್ಲ. ಸಿಕ್ಕಿಬಿದ್ರೆ ಇಬ್ರಿಗೂ ಅವತ್ತೇ ಮನೆ ದಾರಿ."

ಎಲೊಡಿಗೆ ನಗು ಬಂತು. ಪ್ರೀತಿ! ಆ ಹುರಿಯವನ ಜೊತೆಗೆ!

ಸೆಪ್ಟೆಂಬರಿನಲ್ಲಿ ಅವಳಿಗೆ ಹತ್ತೊಂಬತ್ತು ತುಂಬುತ್ತಿತ್ತು. ಅಲ್ಲಿಗೆ ಕೆಡೆಟ್ ಬದುಕು ಮುಗಿಯಿತು. ಇದೇ ಕೊನೆಯ ಬೇಸಿಗೆ. ಆರಿಸುವುದಕ್ಕೇನಿದೆ? ಹಡಗು ಹತ್ತುವುದು, ಈ ಹೇಸಿಗೆಯ ನೆಲಕ್ಕೆ ಬೆನ್ನು ಹಾಕುವುದು!

ಹಾಗೆಂದುಕೊಂಡೇ ಅವಳು ಚೀಲ ತರಲು ಹೊರಟಳು. ಮಕ್ಕಳ ಕೊಠಡಿಯ ಮುಂದೆ ಹಾಯುವಾಗ ಹುಳಿ ನಾತ ಮುಖಕ್ಕೆ ರಾಚಿತು. ಮೂಗು ಮುಚ್ಚಿಕೊಂಡು ಕಾಲು ಚುರುಕುಗೊಳಿಸಿದಳು. ಒಳಗಿನಿಂದ ಮಾತು ಕೇಳಿಬಂತು.

"ಪೆಟಿ ಆಫೀಸರ್... ತಪ್ಪಾಯ್ತು... ನಿಮ್ಮ ಬೂಟಿನ ಮೇಲೇ ಆಗೋಯ್ತು..."

ಎಲೊಡಿ ನಿಂತಳು. ಈ ಕೊಠಡಿಯ ಪೆಟಿ ಆಫೀಸರ್ ಎಂದರೆ ಈಗ ಲಾಕ್ಲನ್ನೇ. ಈಗ ಬೈಗುಳ ಬರುತ್ತದೆ... ಈಗ ಆ ಮಗುವನ್ನು ಎಳೆದುತಂದು ಅಂಗಳದಲ್ಲಿ ನಿಲ್ಲಿಸುತ್ತಾನೆ...

"ಆಗ್ಲಿ ಬಿಡು ಮರಿ. ಪಾಲಿಶ್ ಹಾಕಿ ಹಾಕಿ ನಂಗೂ ಬೇಜಾರಾಗಿತ್ತು. ಇನ್ನೂ ಇದೆಯಾ ಒಳಗೆ? ಈ ಸಲ ಬಕೆಟ್ಟಿಗೆ ಗುರಿ ಇಡು. ನೌಕಾ ಕೆಡೆಟ್ ಅಲ್ವಾ ನೀನು, ಗುರಿ ತಪ್ಪಬಾರದು!"

ಅಷ್ಟೊಂದು ನಾತದ ನಡುವೆ ಮಗುವೊಂದು ಕಿಸಕ್ಕನೆ ನಕ್ಕಿತು.

ಎಲೊಡಿ ಬಾಗಿಲಲ್ಲಿ ಇಣುಕಿದಳು. ಲಾಕ್ಲನ್ ಮಂಡಿಯೂರಿ ಕುಳಿತಿದ್ದ. ಮೊಣಕೈವರೆಗೆ ರಬ್ಬರಿನ ಕೈಗವಸು. ಅಂಗಿಯ ಮುಂಭಾಗದ ಹಳದಿ ಕಲೆ ನೆನೆಯಲೂ ಅಸಹ್ಯ. ಅವಳ ಗಂಟಲಿಗೆ ಪಿತ್ತ ಏರಿಬಂತು. ಆದರೆ ಕಾಲು ಕದಲಲಿಲ್ಲ.

ಅವನು ತಲೆಯೆತ್ತಿದ. ಥಟ್ಟನೆ ದನಿ ಗಡುಸಾಯಿತು. "ಕೆಡೆಟ್ ಗೊದೆ, ಇಲ್ಲಿ ನಿಲ್ಲಬಾರದು. ಅಂಟಿಕೊಳ್ಳುತ್ತೆ."

"ನಾನೀಗ ಕೆಡೆಟ್ ಗೊದೆ ಅಲ್ಲ."

"ಅಂದ್ರೆ?"

"ಮೇಡಂ ಆರಿಸ್ಕೋ ಅಂದಿದ್ದಾರೆ. ಧ್ವಜ ಏರೋ ತನಕ ನಾನು ತರಬೇತಿಯವಳೂ ಅಲ್ಲ, ಸಿಬ್ಬಂದೀನೂ ಅಲ್ಲ. ಯಾವ ಪಟ್ಟೀಲೂ ಇಲ್ಲ. ನಿನ್ನ ನಿಯಮ ನನಗೆ ತಗಲೋದಿಲ್ಲ." ಅವಳು ಗೂಟದಲ್ಲಿದ್ದ ಕೈಗವಸು ತೆಗೆದು ತೊಟ್ಟು ಮುಖ ಕಿವುಚಿದಳು. "ಆ ಬಕೆಟ್ ಕೊಡು. ಥೂ, ಏನು ತಿಂದಿದ್ರೋ ಈ ಹುಡುಗ್ರು!"

ಇಬ್ಬರೂ ಸೇರಿ ನೆಲ ತೊಳೆದರು. ಅವಳು ಎರಡು ಬಾರಿ ಹೊರಗೋಡಿ ಗಾಳಿ ಕುಡಿದು ಬಂದಳು. ಒಮ್ಮೆ ಬೇಲಿಯ ಬದಿ ತಾನೇ ಕಾರಿದಳು. ಮಕ್ಕಳು ಮಂಪರಿಗೆ ಜಾರಿದ ಮೇಲೆ ಹಿಂಬದಿಯ ನಲ್ಲಿಯ ಬಳಿ ಬಕೆಟ್ ಉಜ್ಜಲು ಕುಳಿತರು.

"ಯಾಕೆ ಲಾಕಿ? ಮಾತು ಕೊಟ್ಟು ಯಾಕೆ ಸೇರಿದೆ?"

"ಈ ಜಾಗಕ್ಕೆ ಇಬ್ರ ಹೆಸರಿತ್ತು. ಒಂದು ನಂದು, ನಾನು ಕೇಳದೇನೇ ಹಾಕಿದ್ರು. ಇನ್ನೊಂದು ಹೆನ್ಷಾದು. ನಾನು ಬೇಡ ಅಂದ್ರೆ ಅವನೇ ಬರ್ತಿದ್ದ."

ಎಲೊಡಿಯ ಕೈ ಬಕೆಟ್ಟಿನೊಳಗೇ ನಿಂತಿತು.

"ದೂರು ಕೊಡಬಹುದಿತ್ತು!"

"ಕೊಟ್ಟೆ. ಹೆನ್ಷಾ ಹಾಗೆ ನಡೆದೇ ಇಲ್ಲ ಅಂದ. ಅಲ್ಲಿದ್ದೋರಲ್ಲಿ ಒಬ್ರೂ ಬಾಯಿ ಬಿಡ್ಲಿಲ್ಲ. ಸಾಕ್ಷಿಗೆ ನಿನ್ನ ಹೆಸರು ಹೇಳೋಣ ಅಂತ ಫೋನ್ ಮಾಡಿದ್ರೆ..."

"ನಾನು ಛೀ ಅಂದೆ."

"ಛೀ ಅಂದೆ."

ಅವಳಿಗೆ ತಲೆಯೆತ್ತಲಾಗಲಿಲ್ಲ. ಅವನು ಮೆಲ್ಲಗೆ ಮುಂದುವರಿಸಿದ. "ಅವತ್ತು ಸಾಲಲ್ಲಿ ನಾವಿಬ್ರೂ ಕುದೀತಾ ಇದ್ವಿ ಎಲ್ಲೀ. ಆದ್ರೆ ನಮ್ಮ ಸಿಟ್ಟಿನಿಂದ ಆ ಹಾಸು ಕೆಳಗಿಳೀಲಿಲ್ಲ. ಇಳಿಸೋಕೆ ಯಾರಾದ್ರೂ ಅಲ್ಲಿ ಇರಬೇಕಿತ್ತು. ಅಷ್ಟೇ ಯೋಚನೆ ಮಾಡಿದ್ದು."

ಇಡೀ ವರ್ಷ ತಾನು ಪೋಷಿಸಿದ ಅಸಹ್ಯ ಎಷ್ಟು ಶುಭ್ರವಾಗಿತ್ತು! ಒಂದು ಕಲೆಯೂ ತಗಲದ ಅಸಹ್ಯ. ಅದನ್ನು ನೆನೆದು ಅವಳಿಗೆ ಈಗ ತನ್ನ ಮೇಲೆಯೇ ಹೇಸಿಗೆಯಾಯಿತು.

"ನನ್ನಮ್ಮನ ಪುತೀನ್ ಎಸೆದೆಯಲ್ಲ, ಅದಕ್ಕೇನು ಹೇಳ್ತೀಯ?"

"ಎಸೀಲಿಲ್ಲ. ಡಬ್ಬಿ ಹಿಂದೆ ನಿಂತು ತಿಂದೆ."

"ಆರಿಹೋಗಿದ್ದನ್ನಾ?!"

"ಎರಡೂ. ಅಂಟು ಕಚ್ಚಿದ ಹಾಗಿತ್ತು. ಆದ್ರೂ ನಿಮ್ಮನೇದು ಕಸಕ್ಕೆ ಹಾಕೋಕೆ ಕೈ ಬರ್ಲಿಲ್ಲ."

ಅವಳು ನಕ್ಕಳು, ನಗುತ್ತಿರುವಾಗಲೇ ಕಣ್ಣು ತುಂಬಿತು. ಅತ್ತ ಅಂಗಳದಲ್ಲಿ ಸಾಲು ಕೂಡುವ ಸದ್ದು ಕೇಳತೊಡಗಿತ್ತು.

"ನಾನು ಏನು ಆರಿಸ್ಲಿ, ಲಾಕಿ? ಸಿಬ್ಬಂದಿಗೆ ಬಂದ್ರೆ ಬೇಸಿಗೆಯೆಲ್ಲ ನಿನ್ನ ಜೊತೆ. ಹಡಗು ಹತ್ತಿದ್ರೆ... ಆರು ವಾರ ನಾವಿಬ್ರೂ ಅಪರಿಚಿತರು."

"ನಾನು ಹೇಳಲ್ಲ."

"ಯಾಕೆ?"

"ಇರು ಅಂತ ಬಾಯಿಗೆ ಬರ್ತಾ ಇದೆ. ಅದಕ್ಕೇ ಹೇಳಲ್ಲ. ನನಗೋಸ್ಕರ ನೀನು ಹಡಗು ಬಿಟ್ಟೆ ಅಂದ್ರೆ, ಈ ಬಕೆಟ್ಟಿಗಿಂತ ಜಾಸ್ತಿ ನಾನೇ ನಾರ್ತೀನಿ."

ಅವಳು ಕಟ್ಟೆಯ ಕಡೆ ನೋಡಿದಳು. ಹಡಗಿನ ಮೂರು ಕಂಬಗಳು ಮಂಜಿನಿಂದ ಮೇಲೆದ್ದು ನಿಂತಿದ್ದವು. ಮುಂಜಾನೆ ಅವಳು ಅದನ್ನು ಹತ್ತಹೊರಟಿದ್ದುದು ಇಲ್ಲಿಂದ ತಪ್ಪಿಸಿಕೊಳ್ಳಲು. ಈಗ ತಪ್ಪಿಸಿಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. ಆದರೂ ಆ ಕಂಬಗಳ ತುದಿಗೇರಿ ಕಡಲನ್ನು ನೋಡುವ ಆಸೆ ಹಾಗೆಯೇ ಇತ್ತು. ಅದು ಚಿಕ್ಕಂದಿನಿಂದಲೂ ಅವಳದೇ.

"ಹಡಗು," ಎಂದಳು.

ಅವನ ಮುಖದ ಮೇಲೆ ನೋವು ಹಾಯಿತು. ಆದರೂ ತಲೆದೂಗಿದ. "ಗೊತ್ತಿತ್ತು."

"ಮಕ್ಕಳನ್ನ ಬಿಟ್ಟು ಹೋಗ್ತಾ ಇದ್ದೀನಿ ಅನ್ಸುತ್ತೆ."

"ಇವ್ರು ನಾಳೆ ಎದ್ದು ನನ್ನ ತಲೆ ತಿಂತಾರೆ. ನಾನಿದ್ದೀನಲ್ಲ. ಹೋಗು."

"ಹೋಗೋ ಮೊದಲು ಒಂದು ಮಾತು. ಹೆನ್ಷಾ ವಿಷಯ ಈಗ್ಲೇ ಮೇಡಂ ಹತ್ರ ಹೇಳಿ ಹೋಗ್ತೀನಿ, ನನ್ನ ಹೆಸರು ಹಾಕಿ. ಇನ್ನೊಂದು... ಏಪ್ರಿಲಿನಿಂದ ನಿನ್ನ ಮೇಲೆ ಅಷ್ಟು ಅಸಹ್ಯ ಯಾಕಿತ್ತು ಗೊತ್ತಾ? ಬೇರೆ ಯಾರೋ ಸಿಬ್ಬಂದಿಗೆ ಸೇರಿದ್ರೆ ನನಗೇನಾಗ್ತಿತ್ತು? ನೀನು ಸೇರಿದೆ ಅಂತ ಕೇಳಿ ಊಟ ಸೇರ್ಲಿಲ್ಲ... ಪ್ರೀತಿ ಕಣೋ. ದಡ್ಡಿ ನಾನು, ಅದಕ್ಕೆ ಬೇರೆ ಹೆಸರು ಇಟ್ಕೊಂಡಿದ್ದೆ."

ಲಾಕ್ಲನ್ ಉಜ್ಜಿ ಮುಗಿಸಿದ್ದ ಬಕೆಟ್ಟನ್ನೇ ಮತ್ತೆ ನಲ್ಲಿಯಡಿ ಹಿಡಿದ.

"ಬೇಗ ಹೇಳೋ! ಸೀಟಿ ಆದ್ರೆ ನಾನು ಪಟ್ಟಿಗೆ ಸೇರ್ಬಿಡ್ತೀನಿ!"

"ಹೋದ ಬೇಸಿಗೆಯಿಂದ..." ಅವನು ಬಕೆಟ್ ಕೆಳಗಿಟ್ಟ. "ನೀನು ಛೀ ಅಂದ ಮೇಲೂ... ನಂಗೆ ನೀನೇ, ಎಲ್ಲೀ."

"ಕೈ ಕೊಡು."

"ಹೀಗಾ?"

"ಕೈಗವಸು ತೆಗೆದು."

ಅವನು ಎಳೆದು ತೆಗೆದ. ನಲ್ಲಿಯಡಿ ಸೋಪು ಹಚ್ಚಿ ಉಜ್ಜಿದ ಮೇಲೂ ಆ ಕೈ ಬಿಳಿಚಿ ಸುಕ್ಕುಗಟ್ಟಿ, ಬ್ಲೀಚಿನ ಘಾಟು ಸೂಸುತ್ತಿತ್ತು. ಎಲೊಡಿ ಅದನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಾರುತ್ತೆ ಕಣೇ..."

"ಗೊತ್ತು. ಸುಮ್ನಿರು."